ಎಸ್‌ಎಸ್‌ಎಚ್ ಪ್ರೈವೇಟ್ ಕೀ ಎಲ್ಲಿಡೋದು? ಫೈಲು, ಏಜೆಂಟು, ಯುಎಸ್‌ಬಿ ಕೀ, ಸರ್ಟಿಫಿಕೇಟು: ಯಾವುದು ಯಾರಿಗೆ

ಎರಡು ವರ್ಷದ ಹಿಂದೆ ಶಿವಮೊಗ್ಗದಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಐದೂವರೆಗೆ ಬೆಂಗಳೂರಿನ ಮನೆ ಮುಟ್ಟಿದೆ. ಆಟೋದವರಿಗೆ ದುಡ್ಡು ಕೊಟ್ಟು ಗೇಟು ತೆಗೆಯುವಾಗ ಹೆಗಲು ಹಗುರ ಅನ್ನಿಸಿತು. ಲ್ಯಾಪ್‌ಟಾಪ್ ಬ್ಯಾಗು ಬಸ್ಸಿನಲ್ಲೇ ಉಳಿದಿತ್ತು.

ಲ್ಯಾಪ್‌ಟಾಪ್ ಹೋಯಿತಲ್ಲ ಅನ್ನುವ ಸಂಕಟ ಆಮೇಲೆ ಬಂತು. ಮೊದಲು ನೆನಪಾಗಿದ್ದು ಅದರೊಳಗಿದ್ದ ಒಂದು ಸಣ್ಣ ಫೈಲು. ಹೆಸರು ಐಡಿ ಆರ್‌ಎಸ್‌ಎ. ದೂರದ ಸರ್ವರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ವ್ಯವಸ್ಥೆಯ ಪ್ರೈವೇಟ್ ಕೀ ಅದು. ಹದಿನಾಲ್ಕು ಸರ್ವರುಗಳಿಗೆ ಅದೊಂದೇ ಬೀಗದ ಕೈ. ಅದಕ್ಕೆ ಪಾಸ್‌ಫ್ರೇಸ್, ಅಂದರೆ ಕೀ ಬಿಚ್ಚಲು ಕೊಡಬೇಕಾದ ಗುಟ್ಟಿನ ಪದ, ಇರಲಿಲ್ಲ. ಡಿಸ್ಕಿಗೆ ಎನ್‌ಕ್ರಿಪ್ಷನ್ನೂ ಹಾಕಿರಲಿಲ್ಲ. "ನಾಳೆ ಮಾಡೋಣ" ಅಂತ ಮೂರು ವರ್ಷ ತಳ್ಳಿದ್ದೆ.

ಮನೆಯ ಹಳೇ ಡೆಸ್ಕ್‌ಟಾಪ್ ಆನ್ ಮಾಡಿ ಕೂತೆ. ಅದರಲ್ಲೂ ಅದೇ ಕೀಯ ಇನ್ನೊಂದು ಕಾಪಿ. ಮೊದಲ ಸರ್ವರಿಗೆ ಲಾಗಿನ್ ಆಗಿ, ಯಾವ ಯಾವ ಕೀಯನ್ನು ಒಳಗೆ ಬಿಡಬೇಕು ಅನ್ನುವ ಪಟ್ಟಿ ಇರುವ ಆಥರೈಸ್ಡ್ ಕೀಸ್ ಫೈಲಿನಿಂದ ಆ ಕೀಯ ಸಾಲು ಅಳಿಸಿದೆ. ಸೇವ್ ಮಾಡಿದ ಮೇಲೆ ತಲೆಗೆ ಹೊಳೆಯಿತು: ನಾನು ಒಳಗೆ ಬಂದಿರುವುದೂ ಅದೇ ಕೀ ಹಿಡಿದುಕೊಂಡು! ಆ ವಿಂಡೋ ಮುಚ್ಚಿದ್ದರೆ ನನ್ನ ಮನೆಗೆ ನಾನೇ ಹೊರಗಿನಿಂದ ಬೀಗ ಹಾಕಿಕೊಂಡ ಹಾಗಾಗುತ್ತಿತ್ತು. ಪುಣ್ಯಕ್ಕೆ ತೆರೆದಿರುವ ಸೆಷನ್ ಹಾಗೆ ಕಡಿದು ಹೋಗುವುದಿಲ್ಲ. ಅದೇ ವಿಂಡೋದಲ್ಲಿ ಹೊಸ ಕೀ ಹಾಕಿದೆ, ಪಕ್ಕದಲ್ಲಿ ಇನ್ನೊಂದು ವಿಂಡೋ ತೆರೆದು ಹೊಸ ಕೀಯಿಂದ ಒಳಗೆ ಹೋಗಿ ನೋಡಿದೆ, ಆಮೇಲೆ ಮುಂದಿನ ಸರ್ವರಿಗೆ ಹೋದೆ. ಹದಿನಾಲ್ಕೂ ಮುಗಿಯುವಾಗ ಮಧ್ಯಾಹ್ನದ ಊಟದ ಹೊತ್ತು. ಅದರಲ್ಲಿ ಎರಡು ಸರ್ವರು ಇವೆ ಅನ್ನುವುದೇ ಮರೆತುಹೋಗಿತ್ತು.

ಅವತ್ತಿನಿಂದ ಯಾವ ವಿಧಾನ ನೋಡಿದರೂ ಒಂದೇ ಪ್ರಶ್ನೆ ಕೇಳುತ್ತೇನೆ. ಈ ಲ್ಯಾಪ್‌ಟಾಪ್ ಈಗ ಕಳೆದರೆ, ಸಿಕ್ಕವರ ಕೈಗೆ ಏನು ಸಿಗುತ್ತದೆ? ನಾನು ಎಷ್ಟು ಹೊತ್ತಿನಲ್ಲಿ ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡಬಲ್ಲೆ? ಎಷ್ಟು ಬಿಟ್, ಯಾವ ಅಲ್ಗಾರಿದಮ್ ಅನ್ನುವ ವಾದವೆಲ್ಲ ಇದರ ಮುಂದೆ ಸಣ್ಣದು. ಕೆಳಗಿನ ಹೋಲಿಕೆಯೂ ಈ ಲೆಕ್ಕದಲ್ಲೇ ಇದೆ. ಕಮಾಂಡುಗಳನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವ ಹಾಗೆ ಬರೆದಿದ್ದೇನೆ.

ಬೀಗ ಎಲ್ಲಿ, ಕೈ ಎಲ್ಲಿ

ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿಸಿಕೊಂಡಿದ್ದರು. ಅದರಿಂದ ಬೇಸತ್ತು ಟಾಟು ಯ್ಲೋನೆನ್ ಇದನ್ನು ಬರೆದರು. ಇವತ್ತು ನಾವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ ಬಂದಿದ್ದು 1999ರಲ್ಲಿ, ಓಪನ್‌ಬಿಎಸ್‌ಡಿ ತಂಡದಿಂದ.

ಪಬ್ಲಿಕ್ ಕೀ ಅಂದರೆ ಬೀಗ, ಪ್ರೈವೇಟ್ ಕೀ ಅಂದರೆ ಅದರ ಕೈ. ಬೀಗವನ್ನು ಎಷ್ಟು ಬಾಗಿಲಿಗೆ ಬೇಕಾದರೂ ಹಾಕಬಹುದು, ಯಾರು ನೋಡಿದರೂ ತೊಂದರೆ ಇಲ್ಲ. ಗಿಟ್‌ಹಬ್ಬಿನಲ್ಲಿ ನಿಮ್ಮ ಪ್ರೊಫೈಲ್ ವಿಳಾಸದ ಕೊನೆಗೆ "ಡಾಟ್ ಕೀಸ್" ಅಂತ ಸೇರಿಸಿದರೆ ನಿಮ್ಮ ಪಬ್ಲಿಕ್ ಕೀಗಳು ಇಡೀ ಜಗತ್ತಿಗೆ ಕಾಣುತ್ತವೆ. ಒಮ್ಮೆ ಮಾಡಿ ನೋಡಿ, ಹಳೇ ಆಫೀಸಿನ ಕಂಪ್ಯೂಟರಿನ ಕೀಯೂ ಅಲ್ಲೇ ಕೂತಿರಬಹುದು.

ಇಲ್ಲಿ ಬಹಳ ಜನ ಎಡವುವ ಮಾತೊಂದಿದೆ. ಪ್ರೈವೇಟ್ ಕೀ ಫೈಲಿನ ಪಾಸ್‌ಫ್ರೇಸ್ ಬದಲಾಯಿಸಿದರೆ ಬೀಗ ಬದಲಾಗುವುದಿಲ್ಲ. ಪಾಸ್‌ಫ್ರೇಸ್ ಅನ್ನುವುದು ಬೀಗದ ಕೈಯನ್ನು ಇಟ್ಟ ಡಬ್ಬಿಯ ಮುಚ್ಚಳ, ಅಷ್ಟೇ. ಹಳೇ ಕಾಪಿ ಯಾರ ಹತ್ತಿರವೋ ಹಳೇ ಮುಚ್ಚಳದ ಜೊತೆ ಇದ್ದರೆ ಅದು ಹಾಗೆಯೇ ಕೆಲಸ ಮಾಡುತ್ತದೆ. ಕಳೆದ ಕೀಗೆ ಇರುವ ಮದ್ದು ಒಂದೇ: ಸರ್ವರಿನಲ್ಲಿ ಆ ಸಾಲನ್ನು ತೆಗೆಯುವುದು.

ಪಾಸ್‌ಫ್ರೇಸ್ ಇಲ್ಲದ ಫೈಲು

ಮನೆಗೆ ಬೀಗ ಹಾಕಿ ಕೀಯನ್ನು ಮೀಟರ್ ಬೋರ್ಡಿನ ಮೇಲೆ ಇಟ್ಟು ಹೋಗುತ್ತೇವಲ್ಲ, ಅದು ಇದೇ. ಅನುಕೂಲ ಹೌದು. ಕೀ ಮಾಡುವ ಕಮಾಂಡು ಎಸ್‌ಎಸ್‌ಎಚ್-ಕೀಜೆನ್ ಪಾಸ್‌ಫ್ರೇಸ್ ಕೇಳಿದಾಗ ಸುಮ್ನೆ ಎರಡು ಸಲ ಎಂಟರ್ ಒತ್ತಿದರೆ ಮುಗಿಯಿತು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಕಲಿತಿದ್ದೇ ಹೀಗೆ.

ಫೈಲಿನ ಪರ್ಮಿಷನ್ 600, ಫೋಲ್ಡರಿನದು 700 ಇರಬೇಕು. ಸಡಿಲ ಬಿಟ್ಟರೆ ಎಸ್‌ಎಸ್‌ಎಚ್ಚೇ ದೊಡ್ಡಕ್ಷರದಲ್ಲಿ ಕಿರುಚಿ ಆ ಕೀ ಬಳಸುವುದಿಲ್ಲ ಅನ್ನುತ್ತದೆ. ಆದರೆ ಈ ಕಾವಲು ಅದೇ ಕಂಪ್ಯೂಟರಿನ ಬೇರೆ ಬಳಕೆದಾರರಿಂದ ಮಾತ್ರ. ನಿಮ್ಮ ಹೆಸರಿನಲ್ಲೇ ಓಡುವ ಯಾವ ಪ್ರೋಗ್ರಾಂ ಬೇಕಾದರೂ ಆ ಫೈಲನ್ನು ಓದಬಹುದು. ಎಲ್ಲಿಂದಲೋ ತಂದು ಹಾಕಿಕೊಂಡ ಎನ್‌ಪಿಎಂ ಪ್ಯಾಕೇಜೂ (ಬೇರೆ ಯಾರೋ ಬರೆದ ಜಾವಾಸ್ಕ್ರಿಪ್ಟ್ ಕೋಡು) ಓದಬಹುದು.

ಇದರ ಇನ್ನೂ ಕೆಟ್ಟ ರೂಪ ಕ್ಲೌಡಿನವರು ಕೊಡುವ ಪೆಮ್ ಫೈಲು. ಅದೂ ಒಂದು ಪ್ರೈವೇಟ್ ಕೀಯೇ. ಅಮೆಜಾನಿನ ಬಾಡಿಗೆ ಸರ್ವರಿನ ಸೇವೆ ಇಸಿ2 ಅದನ್ನು ಒಂದೇ ಸಲ ಡೌನ್‌ಲೋಡ್ ಮಾಡಲು ಬಿಡುತ್ತದೆ. ಹಾಗಾಗಿ ಎಲ್ಲರೂ ಜೋಪಾನ ಮಾಡುತ್ತಾರೆ, ಅಂದರೆ ಕಂಡಕಂಡಲ್ಲಿ ಕಾಪಿ ಇಡುತ್ತಾರೆ. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಹೊಸಬರು ಸೇರಿದ ದಿನ ಬರುತ್ತಿದ್ದ ಮೆಸೇಜು ನನಗಿನ್ನೂ ನೆನಪಿದೆ: "ಸರ್, ಪೆಮ್ ಫೈಲ್ ಗ್ರೂಪಲ್ಲಿ ಹಾಕಿದೀನಿ, ತಗೊಳ್ಳಿ." ಗ್ರೂಪು ಅಂದರೆ ವಾಟ್ಸಾಪ್ ಗ್ರೂಪು. ಕೆಲಸ ಬಿಟ್ಟು ಹೋದವರೂ ಅದರಲ್ಲಿದ್ದರು. ಅವರ ಫೋನುಗಳಲ್ಲಿ, ಆ ಫೋನುಗಳ ಬ್ಯಾಕಪ್ಪಿನಲ್ಲಿ, ಹಳೇ ಲ್ಯಾಪ್‌ಟಾಪುಗಳ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಪ್ರೊಡಕ್ಷನ್ ಸರ್ವರಿನ, ಅಂದರೆ ಗ್ರಾಹಕರು ಬಳಸುವ ಅಸಲಿ ಸರ್ವರಿನ, ಬೀಗದ ಕೈ ಇತ್ತು. ಸರ್ವರಿಗೆ ಯಾರು ಬಂದು ಹೋದರು ಅಂತ ಲಾಗ್ ತೆಗೆದು ನೋಡಿದರೆ ಎಲ್ಲ ಸಾಲಿನಲ್ಲೂ ಒಂದೇ ಕೀ, ಒಂದೇ ಹೆಸರು.

ಪೆಮ್ ಫೈಲಿನಿಂದ ಮಾಡಬೇಕಾದ ಕೆಲಸ ಒಂದೇ ಒಂದು. ಮೊದಲ ಸಲ ಒಳಗೆ ಹೋಗಿ, ಪ್ರತಿಯೊಬ್ಬರ ಪಬ್ಲಿಕ್ ಕೀಯನ್ನೂ ಬೇರೆ ಬೇರೆ ಸಾಲಾಗಿ ಹಾಕಿ, ಪೆಮ್ಮಿನ ಸಾಲು ತೆಗೆಯುವುದು. ಆಮೇಲೆ ಆ ಫೈಲು ಗ್ರೂಪಿನಲ್ಲಿದ್ದರೂ ಚಿಂತೆ ಇಲ್ಲ.

ಪಾಸ್‌ಫ್ರೇಸ್ ಇಲ್ಲದ ಕೀ ಯಾರಿಗೆ ಸರಿ? ಮನುಷ್ಯರಿಗಂತೂ ಅಲ್ಲ. ರಾತ್ರಿ ಎರಡು ಗಂಟೆಗೆ ತಾನೇ ಓಡುವ ಬ್ಯಾಕಪ್ ಸ್ಕ್ರಿಪ್ಟಿಗೆ ಸರಿ. ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಪಾಸ್‌ಫ್ರೇಸ್ ಇರುವ ಫೈಲು, ಜೊತೆಗೆ ಏಜೆಂಟು

ಒಬ್ಬರೇ ಕೆಲಸ ಮಾಡುವವರಿಗೆ, ನಾಲ್ಕೈದು ಸರ್ವರು ಮತ್ತು ಒಂದು ಗಿಟ್ ಖಾತೆ ನೋಡಿಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಖರ್ಚಿಲ್ಲ, ಹೊಸದೇನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಒಂದು ಗಂಟೆ ಕೂತು ಸರಿಯಾಗಿ ಹೊಂದಿಸಿದರೆ ವರ್ಷಗಟ್ಟಲೆ ನಡೆಯುತ್ತದೆ.

ಕೀ ಯಾವ ಜಾತಿಯದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಡಿ25519 ಮಾಡಿ. ಇಡಿ ಅಂದ ತಕ್ಷಣ ಹೆದರಬೇಕಿಲ್ಲ, ಇದು ಮನೆ ಮೇಲೆ ದಾಳಿಗೆ ಬರುವ ಇಡಿ ಅಲ್ಲ. ಓಪನ್‌ಎಸ್‌ಎಸ್‌ಎಚ್ 6.5ರಲ್ಲಿ, ಅಂದರೆ 2014ರಲ್ಲೇ ಬಂತು. 2023ರ 9.5ರಿಂದ ಏನೂ ಹೇಳದೆ ಕೀಜೆನ್ ಓಡಿಸಿದರೂ ಇದೇ ಬರುತ್ತದೆ. ಪಬ್ಲಿಕ್ ಕೀಯ ಮುಖ್ಯ ಭಾಗ 68 ಅಕ್ಷರ, ಒಂದು ಸಾಲಿನಲ್ಲಿ ಹಿಡಿಯುತ್ತದೆ. 4096 ಬಿಟ್ಟಿನ ಆರ್‌ಎಸ್‌ಎ ಆದರೆ ಏಳುನೂರು ಅಕ್ಷರ ದಾಟುತ್ತದೆ. ಹಳೇ ರೌಟರ್, ಹಳೇ ಸ್ವಿಚ್ಚು ಇಡಿಯನ್ನು ಒಪ್ಪದಿದ್ದರೆ ಅದಕ್ಕೆ ಮಾತ್ರ ಒಂದು ಆರ್‌ಎಸ್‌ಎ ಕೀ ಬೇರೆ ಇಟ್ಟುಕೊಳ್ಳಿ. ಡಿಎಸ್‌ಎ ಕೀ ಇನ್ನೂ ಇದ್ದರೆ ಅದರ ಕಾಲ ಮುಗಿದಿದೆ: 2015ರಲ್ಲಿ ಅದನ್ನು ಆಫ್ ಮಾಡಿದ್ದರು, 2025ರ 10.0ರಲ್ಲಿ ಕಿತ್ತೇ ಹಾಕಿದ್ದಾರೆ.

ನಿಮ್ಮ ಹತ್ತಿರ ಹಳೇ ಆರ್‌ಎಸ್‌ಎ ಕೀ ಇದ್ದರೆ ಈಗಲೇ ಒಂದು ಕೆಲಸ ಮಾಡಿ. ಪ್ರೈವೇಟ್ ಕೀ ಫೈಲಿನ ಮೊದಲ ಸಾಲು ಮಾತ್ರ ನೋಡಿ. "ಬಿಗಿನ್ ಆರ್‌ಎಸ್‌ಎ ಪ್ರೈವೇಟ್ ಕೀ" ಅಂತ ಇದ್ದರೆ ಅದು ಹಳೇ ಅಚ್ಚು. ಅದರಲ್ಲಿ ಪಾಸ್‌ಫ್ರೇಸನ್ನು ಎಂಡಿ5 ಮೂಲಕ ಒಂದೇ ಒಂದು ಸಲ ಅರೆದು ಕೀಗೆ ಮುಚ್ಚಳ ಮಾಡುತ್ತಿದ್ದರು. ಫೈಲು ಕದ್ದವರು ಒಳ್ಳೇ ಗ್ರಾಫಿಕ್ಸ್ ಕಾರ್ಡು ಇಟ್ಟುಕೊಂಡು ರಪರಪ ಊಹಿಸುತ್ತಾ ಹೋಗಬಹುದು. "ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ" ಅಂತ ಇದ್ದರೆ ಹೊಸ ಅಚ್ಚು. ಇಲ್ಲಿ ಬಿಕ್ರಿಪ್ಟ್ ಬೇಕಂತಲೇ ನಿಧಾನವಾಗಿ ಅರೆಯುತ್ತದೆ, ಪ್ರತಿ ಊಹೆಗೂ ಸಮಯ ತಿನ್ನುತ್ತದೆ. ಹಳೆಯದನ್ನು ಹೊಸದಕ್ಕೆ ತರುವುದು ಸುಲಭ: ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಪಿ ಕೊಟ್ಟು ಪಾಸ್‌ಫ್ರೇಸ್ ಬದಲಾಯಿಸಿ. 7.8 ಅಥವಾ ಅದಕ್ಕಿಂತ ಹೊಸ ಆವೃತ್ತಿ ಆದರೆ ಫೈಲನ್ನು ಹೊಸ ಅಚ್ಚಿನಲ್ಲೇ ಬರೆಯುತ್ತದೆ. ಮೈನಸ್ ಪಿ ಚಿಕ್ಕಕ್ಷರದ್ದು, ಗಮನವಿರಲಿ.

ಪಾಸ್‌ಫ್ರೇಸ್ ಹೇಗಿರಬೇಕು? ಸಂಬಂಧವಿಲ್ಲದ ನಾಲ್ಕೈದು ಪದ ಸಾಲಾಗಿ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಆಗುತ್ತದೆ. ಸಾಕುನಾಯಿಯ ಹೆಸರು, ಅದರ ಹಿಂದೆ 123, ಇದೆಲ್ಲ ಬೇಡ.

ಪ್ರತಿ ಸಲ ಇಷ್ಟುದ್ದ ಟೈಪ್ ಮಾಡುವುದು ಯಾರಿಗೆ ಬೇಕು, ಅಲ್ವಾ? ಅದಕ್ಕೇ ಎಸ್‌ಎಸ್‌ಎಚ್-ಏಜೆಂಟ್ ಇರುವುದು. ಬೆಳಗ್ಗೆ ಒಂದು ಸಲ ಪಾಸ್‌ಫ್ರೇಸ್ ಕೊಟ್ಟರೆ ಬಿಚ್ಚಿದ ಕೀಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಕೇಳಿದವರಿಗೆ ಕೀ ಕೊಡುವುದಿಲ್ಲ, ಸಹಿ ಮಾತ್ರ ಹಾಕಿ ಕೊಡುತ್ತದೆ. ಎಸ್‌ಎಸ್‌ಎಚ್-ಆಡ್ ಜೊತೆ "ಮೈನಸ್ ಟಿ 4ಎಚ್" ಹಾಕಿದರೆ ನಾಲ್ಕು ಗಂಟೆ ಆದ ಮೇಲೆ ತಾನೇ ಮರೆಯುತ್ತದೆ. "ಮೈನಸ್ ಸಿ" ಹಾಕಿದರೆ ಪ್ರತಿ ಸಹಿಗೂ ಒಪ್ಪಿಗೆ ಕೇಳುತ್ತದೆ. ಊಟಕ್ಕೆ ಎದ್ದು ಹೋದಾಗ ಯಾವುದೋ ಪ್ರೋಗ್ರಾಂ ನಿಮ್ಮ ಹೆಸರಲ್ಲಿ ಸಹಿ ಕೇಳಿದರೆ ಗೊತ್ತಾಗುವುದು ಆ ಪ್ರಶ್ನೆಯಿಂದಲೇ.

ಏಜೆಂಟಿಗೂ ಒಂದೆರಡು ರೋಗಗಳಿವೆ. ಕೀಗಳು ಜಾಸ್ತಿ ಆದಾಗ ಅದು ಒಂದಾದ ಮೇಲೊಂದು ಎಲ್ಲವನ್ನೂ ಸರ್ವರಿನ ಮುಂದೆ ಹಿಡಿಯುತ್ತದೆ. ಸರ್ವರು ಸಾಮಾನ್ಯವಾಗಿ ಆರು ಪ್ರಯತ್ನಕ್ಕೆ ಸಾಕು ಅಂತ ಬಾಗಿಲು ಮುಚ್ಚುತ್ತದೆ. ಸರಿಯಾದ ಕೀ ಏಳನೆಯದಾಗಿದ್ದರೆ ಹಣೆಬರಹ. ಕಾನ್ಫಿಗ್ ಫೈಲಿನಲ್ಲಿ ಆ ಸರ್ವರಿಗೆ ಯಾವ ಕೀ ಅಂತ ಬರೆದು "ಐಡೆಂಟಿಟೀಸ್ ಓನ್ಲಿ ಯೆಸ್" ಹಾಕಿದರೆ ಸರಿಹೋಗುತ್ತದೆ. ನಾನು ಇದಕ್ಕಾಗಿ ಅರ್ಧ ದಿನ ಫೈರ್‌ವಾಲನ್ನು ಬೈದಿದ್ದೇನೆ.

ಎರಡನೆಯದು ದೊಡ್ಡ ರೋಗ: ಏಜೆಂಟ್ ಫಾರ್ವರ್ಡಿಂಗ್. ದೊಡ್ಡಕ್ಷರದ ಮೈನಸ್ ಎ ಹಾಕಿ ಒಂದು ಸರ್ವರಿಗೆ ಹೋದರೆ ಅಲ್ಲಿಂದ ಮುಂದಿನ ಸರ್ವರಿಗೂ ನಿಮ್ಮ ಏಜೆಂಟೇ ಸಹಿ ಹಾಕುತ್ತದೆ. ನಡುವಿನ ಸರ್ವರಿನಲ್ಲಿ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಹಿಡಿದು, ಕೂತವರು ಅದೇ ಏಜೆಂಟಿನಿಂದ ತಮಗೂ ಸಹಿ ಹಾಕಿಸಿಕೊಳ್ಳಬಹುದು. 2019ರ ಏಪ್ರಿಲಿನಲ್ಲಿ ಮ್ಯಾಟ್ರಿಕ್ಸ್ ಡಾಟ್ ಆರ್ಗ್ ಅನ್ನುವ ಚಾಟ್ ಸೇವೆಯ ಮೇಲೆ ನಡೆದ ದಾಳಿಯಲ್ಲಿ ಇದೇ ಆಯಿತು. ಕೋಡನ್ನು ತಾನೇ ಕಟ್ಟಿ ಪರೀಕ್ಷಿಸುವ ಜೆಂಕಿನ್ಸ್ ಸಾಫ್ಟ್‌ವೇರಿನ ತೂತಿನಿಂದ ಒಳಗೆ ಬಂದವರು ಫಾರ್ವರ್ಡ್ ಆಗಿದ್ದ ಕೀಗಳನ್ನು ಬಳಸಿ ಪ್ರೊಡಕ್ಷನ್ ತನಕ ಹೋದರು. ನಡುವೆ ಒಂದು ಸರ್ವರು ದಾಟಬೇಕಾದರೆ ದೊಡ್ಡಕ್ಷರದ ಮೈನಸ್ ಜೆ, ಅಂದರೆ ಪ್ರಾಕ್ಸಿಜಂಪ್ ಬಳಸಿ. 2016ರಿಂದ ಇದೆ. ಅದರಲ್ಲಿ ನಡುವಿನ ಸರ್ವರು ಬರೀ ದಾರಿ, ಏಜೆಂಟಿನ ಹತ್ತಿರಕ್ಕೂ ಬರುವುದಿಲ್ಲ.

ವಿಂಡೋಸಿನವರಿಗೆ: 2018ರಿಂದ ವಿಂಡೋಸ್ 10ರಲ್ಲೇ ಓಪನ್‌ಎಸ್‌ಎಸ್‌ಎಚ್ ಬರುತ್ತದೆ. ಆದರೆ ಏಜೆಂಟ್ ಸರ್ವಿಸ್ ಆಫ್ ಆಗಿರುತ್ತದೆ, ಸರ್ವಿಸಸ್‌ಗೆ ಹೋಗಿ ಆನ್ ಮಾಡಬೇಕು. ಅಲ್ಲಿಯ ಏಜೆಂಟು ರೀಸ್ಟಾರ್ಟ್ ಮಾಡಿದರೂ ಕೀ ಮರೆಯುವುದಿಲ್ಲ. ಇದು ಅನುಕೂಲವೋ ಅಪಾಯವೋ, ನೀವೇ ಹೇಳಿ. ಡಬ್ಲ್ಯುಎಸ್‌ಎಲ್ (ವಿಂಡೋಸಿನೊಳಗೆ ಓಡುವ ಲಿನಕ್ಸ್) ಒಳಗೆ ಆ ಏಜೆಂಟು ತಾನಾಗಿ ಕಾಣುವುದಿಲ್ಲ, ಅದರದ್ದೇ ಬೇರೆ ಸಂಸಾರ.

ನನ್ನ ಬಸ್ ಪ್ರಶ್ನೆಗೆ ಈ ವಿಧಾನದ ಉತ್ತರ: ಸಿಕ್ಕವರಿಗೆ ಮುಚ್ಚಳ ಹಾಕಿದ ಡಬ್ಬಿ ಸಿಗುತ್ತದೆ. ಪಾಸ್‌ಫ್ರೇಸ್ ಗಟ್ಟಿ ಇದ್ದರೆ ಕಾಫಿ ಕುಡಿದು ಆಮೇಲೆ ಕೂತು ಸರ್ವರುಗಳಿಂದ ತೆಗೆಯಬಹುದು. ಆದರೆ ಒಂದು ಷರತ್ತು. ಪ್ರತಿ ಕಂಪ್ಯೂಟರಿಗೂ ಬೇರೆ ಕೀ ಇರಬೇಕು. ಲ್ಯಾಪ್‌ಟಾಪಿನದು ಲ್ಯಾಪ್‌ಟಾಪಿನಲ್ಲೇ ಹುಟ್ಟಿ ಅಲ್ಲೇ ಸಾಯಬೇಕು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೊಸ ಕಂಪ್ಯೂಟರಿಗೆ ಒಯ್ಯುವುದು ಬೇಡ. ಕೀ ಮಾಡುವಾಗ ಮೈನಸ್ ಸಿ, ಈ ಸಲ ದೊಡ್ಡಕ್ಷರ, ಹಾಕಿ "ಕಪ್ಪು ಥಿಂಕ್‌ಪ್ಯಾಡ್ 2024" ಅನ್ನುವಂಥ ಗುರುತು ಬರೆಯಿರಿ. ಮುಂದೊಂದು ದಿನ ಯಾವ ಸಾಲು ಅಳಿಸಬೇಕು ಅಂತ ತಿಳಿಯುವುದು ಇದರಿಂದಲೇ.

ಪಾಸ್‌ವರ್ಡ್ ಮ್ಯಾನೇಜರಿನ ಒಳಗೆ

ಕೀಪಾಸ್‌ಎಕ್ಸ್‌ಸಿ, 1ಪಾಸ್‌ವರ್ಡ್, ಬಿಟ್‌ವಾರ್ಡನ್ ಮೂರರಲ್ಲೂ ಎಸ್‌ಎಸ್‌ಎಚ್ ಕೀ ಇಡಬಹುದು. ಕೀಪಾಸ್‌ಎಕ್ಸ್‌ಸಿಯ ರೀತಿ ನನಗೆ ಇಷ್ಟ. ಡೇಟಾಬೇಸ್ ಬಿಚ್ಚಿದಾಗ ಕೀಯನ್ನು ಏಜೆಂಟಿಗೆ ಹಾಕುತ್ತದೆ, ಮುಚ್ಚಿದಾಗ ತೆಗೆಯುತ್ತದೆ. ಡಿಸ್ಕಿನ ಮೇಲೆ ಬೇರೆ ಫೈಲೇ ಇರುವುದಿಲ್ಲ. 1ಪಾಸ್‌ವರ್ಡ್ ತನ್ನದೇ ಏಜೆಂಟು ಓಡಿಸುತ್ತದೆ, ಬೆರಳಚ್ಚು ಕೇಳಿ ಸಹಿ ಹಾಕುತ್ತದೆ.

ಈಗಾಗಲೇ ಇವುಗಳಲ್ಲಿ ಒಂದನ್ನು ಬಳಸುತ್ತಿದ್ದರೆ ಇದು ಸಲೀಸು. ಇದಕ್ಕೋಸ್ಕರ ಹೊಸದಾಗಿ ಕೊಳ್ಳುವುದು ನನಗೆ ಅನಗತ್ಯ ಅನ್ನಿಸುತ್ತದೆ. ಒಂದು ಮಾತು ಮಾತ್ರ ನೆನಪಿಡಿ: 1ಪಾಸ್‌ವರ್ಡ್, ಬಿಟ್‌ವಾರ್ಡನ್‌ನಲ್ಲಿ ಕೀ ಎಲ್ಲ ಸಾಧನಗಳಿಗೂ ಸಿಂಕ್ ಆಗುತ್ತದೆ. ಅಂದರೆ ಕಂಪ್ಯೂಟರಿಗೊಂದು ಕೀ ಅನ್ನುವ ನಿಯಮ ಮುರಿಯುತ್ತದೆ. ಮಾಸ್ಟರ್ ಪಾಸ್‌ವರ್ಡ್ ಹೋದರೆ ಬ್ಯಾಂಕಿನದು, ಇ-ಮೇಲಿನದು, ಸರ್ವರಿನದು ಎಲ್ಲ ಒಟ್ಟಿಗೇ ಹೋಗುತ್ತದೆ.

ಯುಎಸ್‌ಬಿ ಹಾರ್ಡ್‌ವೇರ್ ಕೀ

ಯೂಬಿಕೀಯಂಥ ಸಾಧನದ ಒಳಗೇ ಪ್ರೈವೇಟ್ ಕೀ ಹುಟ್ಟುತ್ತದೆ, ಹೊರಗೆ ಬರುವುದೇ ಇಲ್ಲ. 2020ರ ಫೆಬ್ರವರಿಯ ಓಪನ್‌ಎಸ್‌ಎಸ್‌ಎಚ್ 8.2ರಿಂದ ಇದಕ್ಕೆ ನೇರ ಬೆಂಬಲ ಇದೆ. ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಟಿ ಆದ ಮೇಲೆ "ಇಡಿ25519-ಎಸ್‌ಕೆ" ಅಂತ ಕೊಟ್ಟರೆ ಸಾಧನದ ದೀಪ ಮಿಣುಕುತ್ತದೆ, ಬೆರಳಿಂದ ಮುಟ್ಟಿದರೆ ಕೀ ತಯಾರು. ಡಿಸ್ಕಿನ ಮೇಲೂ ಒಂದು ಫೈಲು ಬರುತ್ತದೆ, ಆದರೆ ಅದು ಚೀಟಿ ಮಾತ್ರ. ಬ್ಯಾಂಕ್ ಲಾಕರಿನ ನಂಬರ್ ಬರೆದ ಚೀಟಿ ಇದ್ದ ಹಾಗೆ. ಸಾಧನ ಇಲ್ಲದೆ ಅದನ್ನು ಕದ್ದು ಪ್ರಯೋಜನವಿಲ್ಲ.

ಲಾಗಿನ್ ಆಗುವಾಗಲೂ ಮುಟ್ಟಬೇಕು. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದು ಕೂತಿದ್ದರೂ ನಿಮ್ಮ ಬೆರಳು ಅದಕ್ಕೆ ಸಿಗುವುದಿಲ್ಲ. ಈ ಒಂದು ಗುಣ ಮೇಲಿನ ಯಾವ ವಿಧಾನಕ್ಕೂ ಇಲ್ಲ.

ಈಗ ಕಷ್ಟಗಳು. ಒಂದು ಕೊಂಡರೆ ಸಾಲದು, ಎರಡು ಬೇಕು. ಒಂದರಿಂದ ಇನ್ನೊಂದಕ್ಕೆ ಕಾಪಿ ಆಗುವುದಿಲ್ಲವಲ್ಲ, ಅದೇ ಅದರ ಗುಣ. ಹಾಗಾಗಿ ಎರಡರಲ್ಲೂ ಬೇರೆ ಬೇರೆ ಕೀ ಮಾಡಿ, ಎರಡೂ ಸಾಲುಗಳನ್ನು ಎಲ್ಲ ಸರ್ವರಿಗೂ ಹಾಕಿ, ಎರಡನೆಯದನ್ನು ಮನೆಯ ಬೀರುವಿನಲ್ಲಿ ಇಡಬೇಕು. ಒಂದಕ್ಕೇ ಕೆಲವು ಸಾವಿರ ರೂಪಾಯಿ. ವಿದ್ಯಾರ್ಥಿಗಳಿಗೆ ನಾನು ಇದನ್ನು ಹೇಳುವುದಿಲ್ಲ.

ಚೀಟಿ ಕಳೆದರೆ? ಮಾಮೂಲಿಯಾಗಿ ಮಾಡಿದ ಕೀಯ ಚೀಟಿ ಹೋದರೆ, ಸಾಧನ ಕೈಯಲ್ಲಿದ್ದರೂ ಕೀ ಹೋದ ಹಾಗೆಯೇ. ಹೊಸ ಲ್ಯಾಪ್‌ಟಾಪಿನಲ್ಲಿ ಕೂತು ಇದನ್ನು ಕಂಡುಕೊಂಡವರ ಮುಖ ನೋಡಬೇಕು. ಕೀ ಮಾಡುವಾಗ "ರೆಸಿಡೆಂಟ್" ಅನ್ನುವ ಆಯ್ಕೆ ಕೊಟ್ಟರೆ ಚೀಟಿಯೂ ಸಾಧನದ ಒಳಗೇ ಇರುತ್ತದೆ, ದೊಡ್ಡಕ್ಷರದ ಮೈನಸ್ ಕೆ ಕೊಟ್ಟು ಯಾವ ಕಂಪ್ಯೂಟರಿನಲ್ಲಾದರೂ ತೆಗೆದುಕೊಳ್ಳಬಹುದು. ಆಗ ಸಾಧನವೇ ಕಳ್ಳರ ಕೈಗೆ ಹೋದರೆ ಏನು ಗತಿ ಅಂತ ಯೋಚಿಸಿ "ವೆರಿಫೈ-ರಿಕ್ವೈರ್ಡ್" ಕೂಡ ಹಾಕಿ. ಮುಟ್ಟಿದರೆ ಸಾಲದು, ಪಿನ್ನೂ ಕೇಳುತ್ತದೆ. ಎಂಟು ಸಲ ತಪ್ಪಿದರೆ ಬಾಗಿಲು ಬಂದ್, ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಬೇಕು.

ಸರ್ವರು ಹಳೆಯದಾದರೆ ಈ ಕೀ ಅದಕ್ಕೆ ಅರ್ಥವೇ ಆಗುವುದಿಲ್ಲ. ಸೆಂಟ್‌ಒಎಸ್ 7ರಲ್ಲಿ ಇರುವುದು ಓಪನ್‌ಎಸ್‌ಎಸ್‌ಎಚ್ 7.4, ಉಬುಂಟು 18.04ರಲ್ಲಿ 7.6. ಉಬುಂಟು 20.04ರಿಂದ ತೊಂದರೆ ಇಲ್ಲ. ಸೆಂಟ್‌ಒಎಸ್ 7 ಇನ್ನೂ ಓಡಿಸುತ್ತಿದ್ದರೆ ಬೀಗದ ಕೈಗಿಂತ ಮೊದಲು ಮನೆಯ ಗೋಡೆ ನೋಡಿಕೊಳ್ಳಿ ಅಂತ ಹೇಳಬೇಕಾಗುತ್ತದೆ, ಇರಲಿ.

ಮತ್ತೆ ಬೆರಳು. ಒಂದೇ ಸಲ ಹಲವು ಸರ್ವರಿಗೆ ಕೆಲಸ ಹಚ್ಚುವ ಆನ್ಸಿಬಲ್ ಹಿಡಿದು ನಲವತ್ತು ಸರ್ವರಿಗೆ ಕೆಲಸ ಕೊಟ್ಟರೆ ನಲವತ್ತು ಸಲ ಮುಟ್ಟಬೇಕು. ಹದಿನೈದನೆಯದಕ್ಕೆ ಬರುವ ಹೊತ್ತಿಗೆ ಯಾಕೆ, ಯಾವುದಕ್ಕೆ ಅಂತ ನೋಡದೆ ಮುಟ್ಟುತ್ತಿರುತ್ತೀರಿ. ಆಗ ಮುಟ್ಟುವುದರ ಅರ್ಥವೇ ಹೋಯಿತು. ಕಂಟ್ರೋಲ್‌ಪರ್ಸಿಸ್ಟ್ ಹಾಕಿದರೆ ಒಂದು ಸಲ ತೆರೆದ ಸಂಪರ್ಕವನ್ನೇ ಅದೇ ಸರ್ವರಿಗೆ ಮತ್ತೆ ಮತ್ತೆ ಬಳಸಬಹುದು, ಸ್ವಲ್ಪ ಉಸಿರು ಬಿಡಬಹುದು.

ಹಾರ್ಡ್‌ವೇರ್ ಅಂದರೆ ಅಭೇದ್ಯ ಅಂತಲೂ ಅಲ್ಲ. 2024ರಲ್ಲಿ ಯೂಬಿಕೀ 5ರ ಹಳೇ ಫರ್ಮ್‌ವೇರಿನ ಚಿಪ್ಪಿನಿಂದ ಇಸಿಡಿಎಸ್‌ಎ ಅನ್ನುವ ಜಾತಿಯ ಕೀಯನ್ನು ಹೊರಗೆ ತೆಗೆಯುವ ದಾರಿ ಸಂಶೋಧಕರಿಗೆ ಸಿಕ್ಕಿತು. ಅದಕ್ಕೆ ಯೂಕ್ಲೀಕ್ ಅಂತ ಹೆಸರಿಟ್ಟರು. ಸಾಧನ ಕೈಗೆ ಸಿಗಬೇಕು, ಲ್ಯಾಬಿನ ಉಪಕರಣ ಬೇಕು, ಹಾಗಾಗಿ ನಮ್ಮ ನಿಮ್ಮಂಥವರು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ 5.7ಕ್ಕಿಂತ ಹಳೇ ಫರ್ಮ್‌ವೇರಿನ ಸಾಧನಕ್ಕೆ ಅಪ್‌ಡೇಟ್ ಹಾಕುವ ದಾರಿಯೇ ಇಲ್ಲ. ಕೊಳ್ಳುವಾಗ ಅಂಗಡಿಯವರ ಹಳೇ ಸ್ಟಾಕು ಬರದ ಹಾಗೆ ನೋಡಿಕೊಳ್ಳಿ.

ನಾನು ಈಗ ಬಳಸುವುದು ಎರಡನ್ನೂ ಬೆರೆಸಿ. ಗಿಟ್ಟಿಗೆ, ಪರೀಕ್ಷೆಗೆ ಇಟ್ಟುಕೊಂಡ ಸರ್ವರಿಗೆ ಪಾಸ್‌ಫ್ರೇಸ್ ಮತ್ತು ಏಜೆಂಟು. ಬೇರೆಯವರ ದುಡ್ಡು, ಬೇರೆಯವರ ಡೇಟಾ ಇರುವ ಸರ್ವರಿಗೆ ಮಾತ್ರ ಹಾರ್ಡ್‌ವೇರ್ ಕೀ. ದಿನಕ್ಕೆ ನಾಲ್ಕೈದು ಸಲ ಮುಟ್ಟುತ್ತೇನೆ, ಮುಟ್ಟುವಾಗ ಯಾವುದಕ್ಕೆ ಅಂತ ಗೊತ್ತಿರುತ್ತದೆ.

ಯುಎಸ್‌ಬಿ ಬೇಡ ಅನ್ನುವ ಮ್ಯಾಕಿನವರಿಗೆ ಸೀಕ್ರೆಟಿವ್ ಅನ್ನುವ ಆ್ಯಪ್ ಇದೆ. ಮ್ಯಾಕಿನೊಳಗಿನ ಸೆಕ್ಯೂರ್ ಎನ್‌ಕ್ಲೇವ್ ಚಿಪ್ಪಿನಲ್ಲಿ ಕೀ ಇಡುತ್ತದೆ, ಟಚ್ ಐಡಿ ಕೇಳುತ್ತದೆ. ಲಿನಕ್ಸಿನಲ್ಲಿ ಟಿಪಿಎಂ ಚಿಪ್ಪಿನಿಂದ ಹೀಗೇ ಮಾಡಬಹುದು. ಕೀ ಆ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ, ಮದರ್‌ಬೋರ್ಡ್ ಸುಟ್ಟರೆ ಅದೂ ಜೊತೆಗೇ ಸುಟ್ಟು ಹೋಗುತ್ತದೆ.

ತಂಡ ದೊಡ್ಡದಾದರೆ: ಸರ್ಟಿಫಿಕೇಟು

ಐದು ಜನ, ಹತ್ತು ಸರ್ವರು ಅಂದರೆ ಐವತ್ತು ಸಾಲು. ಇಷ್ಟನ್ನು ಆನ್ಸಿಬಲ್ಲಿನಲ್ಲೋ ಒಂದು ಗಿಟ್ ರೆಪೊದಲ್ಲೋ ಇಟ್ಟು ನಿಭಾಯಿಸಬಹುದು. ಇಪ್ಪತ್ತು ಜನ, ಇನ್ನೂರು ಸರ್ವರು ಆದಾಗ ಯಾರಾದರೊಬ್ಬರು ರಾಜೀನಾಮೆ ಕೊಟ್ಟ ದಿನ ನಿಮ್ಮ ಸಂಜೆ ಹಾಳು.

ಓಪನ್‌ಎಸ್‌ಎಸ್‌ಎಚ್ಚಿನಲ್ಲಿ 2010ರ 5.4ರಿಂದಲೇ ಸರ್ಟಿಫಿಕೇಟು ಇದೆ, ಬಳಸುವವರು ಕಡಿಮೆ. ಒಂದು ತಾಯಿ ಕೀ ಮಾಡುತ್ತೀರಿ. ಅದರ ಪಬ್ಲಿಕ್ ಭಾಗವನ್ನು ಎಲ್ಲ ಸರ್ವರಿನ ಕಾನ್ಫಿಗ್ಗಿನಲ್ಲಿ "ಟ್ರಸ್ಟೆಡ್ ಯೂಸರ್ ಸಿಎ ಕೀಸ್" ಅಂತ ಒಂದು ಸಲ ಹಾಕುತ್ತೀರಿ. ಆಮೇಲೆ ಯಾವ ಸರ್ವರನ್ನೂ ಮುಟ್ಟುವುದಿಲ್ಲ. ಕೆಲಸಕ್ಕೆ ಬಂದವರ ಪಬ್ಲಿಕ್ ಕೀಗೆ ತಾಯಿ ಕೀಯಿಂದ ಸಹಿ ಹಾಕುತ್ತೀರಿ, ದೊಡ್ಡಕ್ಷರದ ಮೈನಸ್ ವಿ ಕೊಟ್ಟು ಎಂಟು ಗಂಟೆ ಅಂತ ಅವಧಿ ಬರೆಯುತ್ತೀರಿ. ಸಂಜೆಗೆ ಅದು ತಾನೇ ಸಾಯುತ್ತದೆ. ಬಿಟ್ಟು ಹೋದವರಿಗೆ ಮಾರನೇ ದಿನ ಸಹಿ ಸಿಗುವುದಿಲ್ಲ, ಅಷ್ಟೇ. ಯಾರ ಹೆಸರಿಗೆ ಸಹಿ ಆಗಿತ್ತು ಅನ್ನುವುದು ಸರ್ವರಿನ ಲಾಗಿನಲ್ಲೂ ಬರುತ್ತದೆ.

ಬಸ್ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ಬೇರೆ ಇಲ್ಲ. ಆದರೆ ಈಗ ತಾಯಿ ಕೀಯೇ ಇಡೀ ಊರಿನ ಬೀಗದ ಕೈ. ಅದನ್ನು ಒಬ್ಬರ ಲ್ಯಾಪ್‌ಟಾಪಿನಲ್ಲಿ ಇಟ್ಟರೆ ಮೊದಲಿಗಿಂತ ಕೆಟ್ಟ ಸ್ಥಿತಿ. ಹಾರ್ಡ್‌ವೇರಿನಲ್ಲಿ ಇಡಬೇಕು, ಅಥವಾ ಹಾಶಿಕಾರ್ಪಿನ ವಾಲ್ಟ್, ಸ್ಮಾಲ್‌ಸ್ಟೆಪ್, ಟೆಲಿಪೋರ್ಟ್ ಇಂಥದ್ದೊಂದನ್ನು ನಿಲ್ಲಿಸಬೇಕು. ಸಹಿ ಹಾಕುವ ಆ ಯಂತ್ರವೇ ಒಂದು ದಿನ ಬಿದ್ದುಹೋದರೆ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ, ಅದಕ್ಕೊಂದು ತುರ್ತು ಕೀ ಬೇರೆ ಇಡಬೇಕು. ನೋಡಿಕೊಳ್ಳುವವರು ಒಬ್ಬರಾದರೂ ಇಲ್ಲದ ತಂಡ ಇದಕ್ಕೆ ಕೈ ಹಾಕಬಾರದು.

ನಿಮ್ಮ ತಪ್ಪೇ ಇಲ್ಲದೆ ಕೀ ಹೋಗುವುದು

2006ರಲ್ಲಿ ಡೆಬಿಯನ್ ಲಿನಕ್ಸಿನವರು ಕೀ ಮಾಡಲು ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಮಾಡಿದ ಒಂದು ಸಣ್ಣ ಬದಲಾವಣೆಯಿಂದ, ಯಾರೂ ಊಹಿಸಲಾಗದ ಹಾಗೆ ಸಂಖ್ಯೆ ಆರಿಸುವ ಕೆಲಸವೇ ಕೆಟ್ಟಿತು. ಒಂದೊಂದು ಬಗೆಯ ಕೀಗೂ ಒಟ್ಟು 32,768 ಸಾಧ್ಯತೆ ಮಾತ್ರ ಉಳಿಯಿತು. ಗೊತ್ತಾಗಿದ್ದು 2008ರ ಮೇ ತಿಂಗಳಲ್ಲಿ. ಅಷ್ಟೊತ್ತಿಗೆ ಡೆಬಿಯನ್, ಉಬುಂಟುವಿನಲ್ಲಿ ಮಾಡಿದ ಕೀಗಳನ್ನೆಲ್ಲ ಬಿಸಾಡಬೇಕಾಯಿತು.

2024ರ ಏಪ್ರಿಲಿನದು ಇನ್ನೂ ವಿಚಿತ್ರ. ವಿಂಡೋಸಿನಲ್ಲಿ ಬಳಸುವ ಎಸ್‌ಎಸ್‌ಎಚ್ ಪ್ರೋಗ್ರಾಂ ಪುಟ್ಟಿಯ 0.68ರಿಂದ 0.80ರವರೆಗಿನ ಆವೃತ್ತಿಗಳು 521 ಬಿಟ್ಟಿನ ಇಸಿಡಿಎಸ್‌ಎ ಕೀಯಿಂದ ಸಹಿ ಹಾಕುವಾಗ ಒಂದಿಷ್ಟು ಬಿಟ್ಟುಗಳನ್ನು ಯಾವಾಗಲೂ ಸೊನ್ನೆ ಬಿಡುತ್ತಿದ್ದವು. ಸುಮಾರು 60 ಸಹಿ ಒಟ್ಟು ಮಾಡಿದರೆ ಪ್ರೈವೇಟ್ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. ಫೈಲು ಎಲ್ಲಿಗೂ ಹೋಗಿರಲಿಲ್ಲ, ಪಾಸ್‌ಫ್ರೇಸ್ ಗಟ್ಟಿಯೇ ಇತ್ತು, ಆದರೂ ಕೀ ಹೋಯಿತು. 0.81ಕ್ಕೆ ಅಪ್‌ಡೇಟ್ ಮಾಡಿದರೂ ಹಳೇ ಕೀ ಉಳಿಯುವುದಿಲ್ಲ, ಹೊಸದು ಮಾಡಬೇಕು. ವಿಂಡೋಸಿನಲ್ಲಿ ಪುಟ್ಟಿ ಬಳಸುವವರು ತಮ್ಮ ಕೀ ಯಾವ ಜಾತಿ ಅಂತ ಇವತ್ತೇ ನೋಡಿಕೊಳ್ಳಿ.

ಅದಕ್ಕೇ ನಾನು ಪ್ರೈವೇಟ್ ಕೀಗೆ ಬ್ಯಾಕಪ್ ಮಾಡುವುದಿಲ್ಲ. ಕಳೆದರೆ ಹೊಸದು ಮಾಡುತ್ತೇನೆ. ಒಳಗೆ ಹೋಗಲು ಎರಡನೇ ಕಂಪ್ಯೂಟರಿನ ಕೀ ಸಾಲು ಸರ್ವರಿನಲ್ಲಿ ಇದ್ದೇ ಇರುತ್ತದೆ.

ಕೊನೆಗೆ, ಸ್ಕ್ರಿಪ್ಟುಗಳ ಕೀ

ರಾತ್ರಿ ತಾನೇ ಓಡುವ ಕೆಲಸಕ್ಕೆ ಪಾಸ್‌ಫ್ರೇಸ್ ಟೈಪ್ ಮಾಡುವವರು ಯಾರು? ಇಲ್ಲಿ ಖಾಲಿ ಪಾಸ್‌ಫ್ರೇಸೇ ಗತಿ. ಹಾಗಾಗಿ ಕಾವಲನ್ನು ಸರ್ವರಿನ ಕಡೆಗೆ ದಾಟಿಸಬೇಕು. ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಸಾಲಿನ ಮುಂದೆ ಮೂರು ಮಾತು ಬರೆಯಬಹುದು. "ಫ್ರಮ್" ಹಾಕಿ ಐಪಿ ವಿಳಾಸ ಕೊಟ್ಟರೆ ಬೇರೆ ಕಡೆಯಿಂದ ಆ ಕೀ ನಡೆಯುವುದಿಲ್ಲ. "ಕಮಾಂಡ್" ಹಾಕಿ ಬ್ಯಾಕಪ್ಪಿನ ಕಮಾಂಡು ಕೊಟ್ಟರೆ ಅದೊಂದನ್ನು ಬಿಟ್ಟು ಬೇರೇನೂ ಓಡುವುದಿಲ್ಲ. "ರಿಸ್ಟ್ರಿಕ್ಟ್" ಹಾಕಿದರೆ ಫಾರ್ವರ್ಡಿಂಗು, ಟರ್ಮಿನಲ್ಲು ಎಲ್ಲ ಬಂದ್. ಮನೆಗೆಲಸಕ್ಕೆ ಬರುವವರಿಗೆ ಹಿಂದಿನ ಬಾಗಿಲಿನ ಕೀ ಮಾತ್ರ ಕೊಟ್ಟ ಹಾಗೆ. ಒಂದೊಂದು ಕೆಲಸಕ್ಕೂ ಒಂದೊಂದು ಕೀ, ಕೊನೆಯಲ್ಲಿ ಯಾವುದಕ್ಕೆ ಅನ್ನುವ ಗುರುತು.

ಈ ಗುರುತಿನ ವಿಷಯ ಸುಮ್ನೆ ಹೇಳುತ್ತಿಲ್ಲ. ಬಸ್ಸಿನ ಕಥೆ ಆದ ಮೇಲೆ ಹುರುಪಿನಲ್ಲಿ ಎಲ್ಲ ಸರ್ವರಿನಲ್ಲೂ ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಎಲ್ಎಫ್ ಕೊಟ್ಟು ಆಥರೈಸ್ಡ್ ಕೀಸ್ ಪಟ್ಟಿ ತೆಗೆದೆ. ಒಂದರಲ್ಲಿ ಹನ್ನೊಂದು ಕೀ ಇದ್ದವು. ಏಳು ಯಾರದ್ದು ಅಂತ ಗೊತ್ತಾಯಿತು. ಉಳಿದ ನಾಲ್ಕರ ಕೊನೆಗೆ "ರೂಟ್ ಅಟ್ ಲೋಕಲ್‌ಹೋಸ್ಟ್" ಅಂತ ಇತ್ತು. ಯಾರನ್ನು ಕೇಳಿದರೂ ನಮ್ಮದಲ್ಲ ಅಂದರು. ಅಳಿಸಿ, ಕೈ ಝಾಡಿಸಿಕೊಂಡು ಮಲಗಿದೆ.

ಮಾರನೇ ದಿನ ಬೆಳಗ್ಗೆ ಫೋನು ಬಂತು. "ಅಣ್ಣಾ, ರಾತ್ರಿ ಬ್ಯಾಕಪ್ ಆಗಿಲ್ಲ. ನೀವೇನಾದ್ರೂ ಮುಟ್ಟಿದ್ರಾ?"